ಕುಂದಾಪುರ–ತೀರ್ಥಹಳ್ಳಿ ರಸ್ತೆ: ಮೂವತ್ತೊಂದು ವರ್ಷ ಹತ್ತಿಳಿದವಳ ಅಭಿಪ್ರಾಯ

ಈ ರಸ್ತೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳಿನಲ್ಲಿ ಎಂದು ನಾನು ಮೊದಲು ಕೇಳುತ್ತೇನೆ. ಜನವರಿಯಲ್ಲಿ ಹೋಗಿ ಬಂದವರು ಹೊಗಳುವ ರಸ್ತೆ ಬೇರೆ, ಜುಲೈಯಲ್ಲಿ ಆಸ್ಪತ್ರೆಗೆಂದು ಇಳಿದವರು ಕಂಡ ರಸ್ತೆ ಬೇರೆ. ನನ್ನ ತವರು ಘಟ್ಟದ ಕೆಳಗೆ, ಸಿದ್ದಾಪುರದ ಹತ್ತಿರ. ಗಂಡನ ಮನೆ ಘಟ್ಟದ ಮೇಲೆ, ಯಡೂರಿನ ಕಡೆ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಅಷ್ಟೂ ವರ್ಷ ರಾಜ್ಯ ಹೆದ್ದಾರಿ 52ರಲ್ಲಿ, ಜನ ಬಾಳೆಬರೆ ಘಾಟಿ ಎಂದೂ ಹುಲಿಕಲ್ ಘಾಟಿ ಎಂದೂ ಕರೆಯುವ ಈ ದಾರಿಯಲ್ಲಿ, ಬಸ್ಸಿನಲ್ಲಿ, ಜೀಪಿನಲ್ಲಿ, ಒಮ್ಮೆ ಅಡಿಕೆ ಲಾರಿಯಲ್ಲಿ, ಈಗ ನಮ್ಮದೇ ಕಾರಿನಲ್ಲಿ ಹತ್ತಿಳಿದಿದ್ದೇನೆ. ನಮ್ಮ ಅಪ್ಪಯ್ಯ ಇದೇ ರಸ್ತೆಯ ಗ್ಯಾಂಗಿನಲ್ಲಿ ಕೆಲಸ ಮಾಡಿದವರು. ಹಾಗಾಗಿ ಡಾಂಬರು ನುಣುಪಾಗಿದೆಯೇ ಎಂದು ನೋಡುವ ಮೊದಲು ನನ್ನ ಕಣ್ಣು ಚರಂಡಿಯ ಮೇಲೆ ಬೀಳುತ್ತದೆ.

ಕುಂದಾಪುರದಿಂದ ಹೊರಟರೆ ಬಸ್ರೂರು, ಕಂಡ್ಲೂರು, ಅಂಪಾರು, ಶಂಕರನಾರಾಯಣ, ಸಿದ್ದಾಪುರ. ಈ ಭಾಗದ ಬಗ್ಗೆ ದೂರು ಹೇಳುವುದಕ್ಕೆ ಹೆಚ್ಚಿಲ್ಲ. ತೆಂಗು, ಗದ್ದೆ, ಚಿರೆಕಲ್ಲಿನ ಕಾಂಪೌಂಡುಗಳ ನಡುವೆ ಸಾಗುವ ರಸ್ತೆ. ಕಂಡ್ಲೂರಿನಲ್ಲಿ ವಾರಾಹಿ ಹೊಳೆಯನ್ನು ದಾಟುವಾಗ ಬೇಸಿಗೆಯಲ್ಲೂ ತಣ್ಣನೆ ಗಾಳಿ ಬರುತ್ತದೆ. ಶಾಲೆ ಬಿಡುವ ಹೊತ್ತಿಗೆ ಅಂಪಾರಿನಿಂದ ಶಂಕರನಾರಾಯಣದವರೆಗೆ ನಿಧಾನವಾಗಿ ಹೋಗಬೇಕು, ಮಕ್ಕಳು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ, ಅವರಿಗೆ ಬೇರೆ ದಾರಿ ಮಾಡಿಕೊಟ್ಟಿಲ್ಲ.

ಬಸ್ರೂರನ್ನು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗಬೇಡಿ. ಇವತ್ತು ಅದು ಸುಮ್ಮನೆ ಮಲಗಿದ ಊರಿನಂತೆ ಕಾಣುತ್ತದೆ. ಆದರೆ ಈ ರಸ್ತೆ ಹುಟ್ಟಿದ್ದೇ ಬಸ್ರೂರಿನ ಸಲುವಾಗಿ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಬರೆದಿಟ್ಟ ಬಂದರು ಇದು. ಇಲ್ಲಿಂದ ಅಕ್ಕಿ ಹಡಗು ಹತ್ತುತ್ತಿತ್ತು, ಘಟ್ಟದ ಮೇಲಿನ ಮೆಣಸು ಇಲ್ಲಿಗೆ ಇಳಿಯುತ್ತಿತ್ತು. ಪಡುವಕೇರಿ, ಮೂಡುಕೇರಿ ಎಂಬ ವರ್ತಕರ ಕೇರಿಗಳ ಹೆಸರು ಶಾಸನಗಳಲ್ಲಿದೆ. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು, ಮುಂದೆ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರಹಾಕಿದ, 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಊರನ್ನು ಸೂರೆ ಮಾಡಿದ. ಇಷ್ಟೆಲ್ಲ ಆದ ಊರಿನ ಬಗ್ಗೆ ರಸ್ತೆಯ ಪಕ್ಕದಲ್ಲಿ ನಾಲ್ಕು ಸಾಲಿನ ಫಲಕವಾದರೂ ಬೇಡವೇ? ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗುವವರು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡು ಕೇರಿಗಳಲ್ಲಿ ಒಂದು ಸುತ್ತು ನಡೆದು ಬನ್ನಿ.

ಸಿದ್ದಾಪುರ ನನ್ನ ಊರಿನ ಪೇಟೆ, ಆದ್ದರಿಂದ ಸ್ವಲ್ಪ ಪಕ್ಷಪಾತವಿದೆ. ಘಟ್ಟ ಹತ್ತುವವರು ಇಲ್ಲಿಯೇ ಪೆಟ್ರೋಲ್ ಹಾಕಿಸಿಕೊಳ್ಳಬೇಕು, ಬ್ರೇಕು ಮತ್ತು ವೈಪರ್ ನೋಡಿಕೊಳ್ಳಬೇಕು, ಗೋಳಿಬಜೆ ತಿಂದು ಚಹಾ ಕುಡಿಯಬೇಕು. ಮುಂದೆ ಹೊಸಂಗಡಿ ದಾಟಿದರೆ ಮೊಬೈಲಿಗೂ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಹೊತ್ತಿದ್ದರೆ ಕಮಲಶಿಲೆಗೆ ಹೋಗಿ ಬನ್ನಿ. ಮಳೆಗಾಲದಲ್ಲಿ ಕುಬ್ಜಾ ನದಿ ಉಕ್ಕಿ ದೇವಿಯ ಗರ್ಭಗುಡಿಯೊಳಗೇ ಬರುತ್ತಾಳೆ. ಊರಿನವರು ಆ ದಿನ ಪೂಜೆ ಮಾಡಿ ಮಂಗಳಾರತಿ ಎತ್ತುತ್ತಾರೆ.

ಹೊಸಂಗಡಿಯಲ್ಲಿ ಚೆಕ್‌ಪೋಸ್ಟ್. ಅಲ್ಲಿಗೆ ಬಯಲು ಮುಗಿಯಿತು. ಮೇಲೆ ಮಾಣಿ ಅಣೆಕಟ್ಟಿನಲ್ಲಿ ನಿಂತ ವಾರಾಹಿ ಬೆಟ್ಟದ ಹೊಟ್ಟೆಯೊಳಗೆ ಇಳಿದು ಇಲ್ಲಿನ ಭೂಗರ್ಭ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. 115 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 460. ಆ ಯೋಜನೆಯ ಕಾಲದಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ಹೊತ್ತ ಲಾರಿಗಳು ನಮ್ಮ ಮನೆಯ ಮುಂದೆ ನೆಲ ನಡುಗಿಸುತ್ತ ಹೋಗುತ್ತಿದ್ದುದು ನನಗೆ ನೆನಪಿದೆ. ಎಣಿಸುವುದಕ್ಕೆ ನಾವು ಮಕ್ಕಳು ಜಗಲಿಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದೆವು.

ಇನ್ನು ಘಟ್ಟ. ಹಿಂದೆ ಇದು ಹೇರೆತ್ತುಗಳ ದಾರಿ. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಹೋಗುತ್ತಿತ್ತು. ಮೇಲಿನಿಂದ ಮೆಣಸು, ಅಡಿಕೆ ಕೆಳಗೆ ಬರುತ್ತಿತ್ತು. ಕೆಳದಿಯ ಅರಸರು ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ತಂದ ಮೇಲಂತೂ ಈ ಘಟ್ಟ ಅವರ ಅರಮನೆಯ ಹೆಬ್ಬಾಗಿಲಾಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರ್‌ನಗರವೆಂದು ಹೆಸರಿಟ್ಟ. ಇಪ್ಪತ್ತು ವರ್ಷ ಕಳೆದು, 1783ರ ಜನವರಿಯಲ್ಲಿ, ಜನರಲ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಸೇನಾಧಿಪತಿ ಕುಂದಾಪುರವನ್ನು ಹಿಡಿದು ಇದೇ ಹೊಸಂಗಡಿ ಘಟ್ಟ ಹತ್ತಿದ. ದಾರಿಯುದ್ದಕ್ಕೂ ತಡೆಗಳಿದ್ದವು, ಫಿರಂಗಿಗಳಿದ್ದವು, ಘಟ್ಟದ ತಲೆಯಲ್ಲಿ ಹೈದರ್‌ಗಡವೆಂಬ ಕೋಟೆಯಿತ್ತು. ಅದನ್ನೆಲ್ಲ ದಾಟಿ ಬಿದನೂರನ್ನು ವಶಪಡಿಸಿಕೊಂಡ. ಅದೇ ಏಪ್ರಿಲಿನ ಕೊನೆಗೆ ಟಿಪ್ಪು ಬಂದು ಮುತ್ತಿಗೆ ಹಾಕಿ ಊರನ್ನು ಹಿಂದಕ್ಕೆ ಪಡೆದ, ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಎರಡನೇ ಗೇರಿನಲ್ಲಿ ಏರುತ್ತಿರುವಾಗ ಕಾಡಿನ ಕಡೆ ನೋಡಿದರೆ, ಹೆಗಲ ಮೇಲೆ ಬಂದೂಕು ಹೊತ್ತು ಇಲ್ಲಿ ಹತ್ತಿದವರ ಉಸಿರು ಎಷ್ಟು ಕಟ್ಟಿರಬಹುದು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

1799ರ ನಂತರ ಘಟ್ಟದ ಕೆಳಗು ಇಂಗ್ಲಿಷರ ಪಾಲಾಗಿ ಮದರಾಸಿಗೆ ಸೇರಿತು, ಮೇಲು ಮೈಸೂರು ಸಂಸ್ಥಾನಕ್ಕೆ. 1956ರ ನವೆಂಬರ್ 1ರವರೆಗೂ ಹೀಗೆಯೇ. ಒಂದೇ ರಸ್ತೆ, ಎರಡು ಸರ್ಕಾರ. ರಾಜ್ಯ ಒಂದಾಯಿತು, ಆದರೂ ಅರ್ಧ ಘಟ್ಟ ಒಂದು ಜಿಲ್ಲೆಯದು, ಅರ್ಧ ಇನ್ನೊಂದರದು. ಒಂದು ಕಡೆ ಪೊದೆ ಸವರಿ ಬಿಳಿ ಗೆರೆ ಹಾಕಿರುತ್ತಾರೆ, ನೂರು ಮಾರು ಮುಂದೆ ಹೋದರೆ ಲಂಟಾನ ಗಿಡ ಕಿಟಕಿಗೆ ಬಡಿಯುತ್ತದೆ. ಪ್ರಯಾಣಿಕನಿಗೆ ಗಡಿ ಬೇಕಾಗಿಲ್ಲ. ಘಟ್ಟವನ್ನು ಬುಡದಿಂದ ತಲೆಯವರೆಗೆ ಒಬ್ಬರೇ ನೋಡಿಕೊಳ್ಳುವ ಏರ್ಪಾಡು ಆಗಬೇಕು. ಇದು ನನ್ನ ಮೊದಲನೆಯ ದೂರು.

ಎರಡನೆಯದು ಭಾರ. ಆಗುಂಬೆಯ ತಿರುವುಗಳು ತೀರಾ ಇಕ್ಕಟ್ಟು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನಗಳನ್ನು ನಿಲ್ಲಿಸಿದಾಗಲೆಲ್ಲ ಅವು ತೀರ್ಥಹಳ್ಳಿ, ಮಾಸ್ತಿಕಟ್ಟೆ, ಸಿದ್ದಾಪುರದ ಮೂಲಕ ಈ ಘಟ್ಟಕ್ಕೇ ಬರುತ್ತವೆ. ಅಂದರೆ ಮಣ್ಣು ಅತ್ಯಂತ ಸಡಿಲವಾಗಿರುವ ತಿಂಗಳುಗಳಲ್ಲೇ ಇದರ ಮೇಲೆ ಅತ್ಯಂತ ಹೆಚ್ಚು ಭಾರ. ಅದೂ ಎಂಥ ಮಳೆ! ಮಳೆಯ ಲೆಕ್ಕದಲ್ಲಿ ಹುಲಿಕಲ್ಲು ಆಗುಂಬೆಯನ್ನು ಮೀರಿಸಿದ ವರ್ಷಗಳು ಹಲವು ಇವೆ.

ನಮ್ಮ ಅಪ್ಪಯ್ಯ ಈ ಮಳೆಯ ಜೊತೆಗೇ ಬದುಕಿದವರು. ಮೇ ತಿಂಗಳು ಮುಗಿಯುವುದರೊಳಗೆ ಪ್ರತಿ ಮೋರಿಯ ಬಾಯಿಯನ್ನೂ ತೆರೆದಿಡಬೇಕು ಎಂಬುದು ಅವರ ಗ್ಯಾಂಗಿನ ಕಟ್ಟುನಿಟ್ಟು. ಮಳೆ ಹಿಡಿದ ಮೇಲೆ ಗೊರಬು ಹೊದ್ದು, ಗುದ್ದಲಿ ಹಿಡಿದು, ದಿನಾ ತಮ್ಮ ಪಾಲಿನ ದೂರ ನಡೆಯುತ್ತಿದ್ದರು. ಹತ್ತು ವರ್ಷದವಳಿದ್ದಾಗ ಬುತ್ತಿ ಕೊಡಲೆಂದು ಹೋದ ನನಗೆ ಒಂದು ಮೋರಿ ತೋರಿಸಿದ್ದರು. ಎರಡು ಹಲಸಿನ ಎಲೆ ಮತ್ತು ಒಂದು ಮುರಿದ ಕೊಂಬೆ ಅದರ ಬಾಯಿಗೆ ಅಡ್ಡ ಸಿಕ್ಕಿಕೊಂಡಿದ್ದವು. ಅವುಗಳ ಹಿಂದೆ ಕೆಂಪು ಮಣ್ಣು ಕೂತು, ನೀರು ಒಳಗೆ ಇಳಿಯಲಾರದೆ ಉಬ್ಬಿ, ತೆಳ್ಳಗೆ ರಸ್ತೆಯ ಮೇಲೆ ಹರಿಯುತ್ತಿತ್ತು. ಅಪ್ಪಯ್ಯ ಬಗ್ಗಿ ಕೊಂಬೆಯನ್ನು ಎಳೆದರು. ಗುಳುಗುಳು ಸದ್ದಾಗಿ ನೀರು ಸುಳಿ ತಿರುಗಿ ಒಳಗೆ ಹೋಯಿತು, ರಸ್ತೆಯ ಮೇಲಿನ ಹರಿವು ಅಲ್ಲಿಗೇ ನಿಂತಿತು. "ಇದನ್ನು ಹೀಗೆಯೇ ಬಿಟ್ಟಿದ್ದರೆ ಎಂಟು ದಿನದಲ್ಲಿ ಆ ಕಡೆಯ ಅಂಚು ಕಣಿವೆಗೆ ಹೋಗುತ್ತಿತ್ತು ಮಗಾ" ಎಂದು ತೋರಿಸಿದ್ದರು. ರಸ್ತೆ ಕುಸಿಯಿತು ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಆ ಎರಡು ಎಲೆಗಳು ಕಣ್ಣಿಗೆ ಕಟ್ಟುತ್ತವೆ.

2022ರ ಬೇಸಿಗೆಯಲ್ಲಿ ಘಾಟಿಯನ್ನು ಮುಚ್ಚಿ ಕಾಂಕ್ರೀಟ್ ಹಾಕಿದರು. ಹಾಕಿದ್ದು ಒಳ್ಳೆಯದೇ ಆಯಿತು. ಹಿಂದೆ ತಿರುವಿನಲ್ಲಿ ಮೊಣಕಾಲುದ್ದದ ಹೊಂಡಗಳಿರುತ್ತಿದ್ದವು, ಬಸ್ಸು ಹೊಯ್ದಾಡಿದಾಗ ಹಿಂದಿನ ಸೀಟಿನ ಬಸುರಿ ಹೆಂಗಸರು ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಈಗ ಆ ಕಷ್ಟವಿಲ್ಲ, ಟೈರಿಗೆ ಹಿಡಿತವೂ ಚೆನ್ನಾಗಿದೆ. ಆದರೆ ಕಾಂಕ್ರೀಟಿನ ಒಂದು ಗುಣ ಗೊತ್ತಿರಬೇಕು. ಡಾಂಬರು ಕೆಳಗೆ ಮಣ್ಣು ಕೊಚ್ಚಿಹೋದರೆ ತಾನೂ ತಗ್ಗುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಕಾಂಕ್ರೀಟ್ ಹಾಸು ಅಡಿಯಲ್ಲಿ ಟೊಳ್ಳಾದರೂ ಕೆಲಕಾಲ ಹಾಗೆಯೇ ನಿಂತಿರುತ್ತದೆ, ಆಮೇಲೆ ಒಮ್ಮೆಲೇ ಬಿರಿಯುತ್ತದೆ. ಆದ್ದರಿಂದ ಕಾಂಕ್ರೀಟ್ ಹಾಕಿದ ಮೇಲೆ ಚರಂಡಿಯ ಕೆಲಸ ಇಮ್ಮಡಿಯಾಗಬೇಕು. ಹಿಂದೊಮ್ಮೆ ಗುತ್ತಿಗೆದಾರರೊಬ್ಬರ ಆಳುಗಳು ಅಗೆದ ಮಣ್ಣು ಕಲ್ಲುಗಳನ್ನು ಬೆಟ್ಟದ ಬದಿಯ ಚರಂಡಿಗೇ ಸುರಿದು ಹೋಗಿದ್ದರು. ನಮ್ಮ ಮನೆಯವರು ಕಾರು ನಿಲ್ಲಿಸಿ ಇಳಿದು ಕೇಳಿದರೆ, ತೆಗೆಯುತ್ತೇವೆ ಎಂದರು. ತೆಗೆಯಲಿಲ್ಲ. ಆ ವರ್ಷದ ಮಳೆ ಅಲ್ಲಿ ರಸ್ತೆಯನ್ನು ಸೀಳಿಕೊಂಡು ಹೋಯಿತು. ನನಗೆ ಈಗಲೂ ಅದರ ಬಗ್ಗೆ ಸಿಟ್ಟಿದೆ.

ಸಿಟ್ಟಿಗೆ ಕಾರಣವಿದೆ. ಮಾಸ್ತಿಕಟ್ಟೆ, ಯಡೂರು ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಕುಂದಾಪುರ, ಇಲ್ಲದಿದ್ದರೆ ಮಣಿಪಾಲ. ಹದಿನಾಲ್ಕು ವರ್ಷದ ಹಿಂದೆ ಜುಲೈಯ ಒಂದು ರಾತ್ರಿ ಅತ್ತೆಯವರಿಗೆ ಎದೆನೋವು ಬಂದು ಜೀಪಿನಲ್ಲಿ ಕರೆದುಕೊಂಡು ಹೊರಟೆವು. ಚಂಡಿಕಾಂಬೆಯ ಗುಡಿಯಿಂದ ಕೆಳಗೆ ಮರವೊಂದು ಅಡ್ಡ ಬಿದ್ದಿತ್ತು. ಎರಡೂ ಕಡೆ ಲಾರಿಗಳು. ಮಂಜಿನಲ್ಲಿ ದೀಪಗಳು ಹಳದಿ ಮುದ್ದೆಗಳಂತೆ ಕಾಣುತ್ತಿದ್ದವು. ಲಾರಿಯವರು ಕತ್ತಿ, ಕೊಡಲಿ ಹಿಡಿದು ಇಳಿದರು. ಕೊಂಬೆ ಕಡಿದು, ಹಗ್ಗ ಕಟ್ಟಿ ಲಾರಿಗೇ ಎಳೆಸಿ, ಜೀಪು ನುಸುಳುವಷ್ಟು ಜಾಗ ಮಾಡಿಕೊಟ್ಟರು. ಒಬ್ಬಾತ ಮುಂದೆ ಮುಂದೆ ಟಾರ್ಚ್ ಹಿಡಿದು ನಡೆದ. "ಅಮ್ಮ, ಹೆದರಬೇಡಿ, ಇನ್ನು ದಾರಿ ಸರಿಯಿದೆ" ಎಂದು ಹೇಳಿ ಹಿಂದೆ ಹೋದ, ಮುಖ ನೋಡಲಿಲ್ಲ. ಅತ್ತೆ ಬದುಕಿದರು, ಆಮೇಲೆ ಒಂಬತ್ತು ವರ್ಷ ನಮ್ಮೊಂದಿಗಿದ್ದರು. ಈ ರಸ್ತೆಯ ಲಾರಿ ಚಾಲಕರ ಬಗ್ಗೆ ಯಾರಾದರೂ ಹಗುರವಾಗಿ ಮಾತನಾಡಿದರೆ ನಾನು ಸುಮ್ಮನಿರುವುದಿಲ್ಲ.

ಚಂಡಿಕಾಂಬೆಯ ಗುಡಿಯ ಮುಂದೆ ಎಲ್ಲರೂ ವೇಗ ಇಳಿಸುತ್ತಾರೆ. ಬಸ್ಸಿನ ಚಾಲಕರು ನಾಣ್ಯ ಹಾಕಿ ಕೈ ಮುಗಿದು ಮುಂದೆ ಹೋಗುತ್ತಾರೆ. ನೀವೂ ಅಲ್ಲಿ ಐದು ನಿಮಿಷ ನಿಲ್ಲಿ, ಎಂಜಿನ್ನೂ ತಣಿಯುತ್ತದೆ. ಮಂಗಗಳಿಗೆ ಮಾತ್ರ ಬಿಸ್ಕತ್ತು ಎಸೆಯಬೇಡಿ, ತಿನ್ನಲು ರಸ್ತೆಯ ನಡುವೆಯೇ ಬಂದು ಕೂರುತ್ತವೆ, ಚಕ್ರಕ್ಕೆ ಸಿಗುತ್ತವೆ.

ಹುಲಿಕಲ್ಲು ಮುಟ್ಟಿದಾಗ ಗಾಳಿಯೇ ಬದಲಾಗುತ್ತದೆ. ಮಾಸ್ತಿಕಟ್ಟೆಯಿಂದ ಒಂದು ದಾರಿ ನಗರ, ಹೊಸನಗರದ ಕಡೆ, ಇನ್ನೊಂದು ಯಡೂರಿನ ಮೇಲೆ ತೀರ್ಥಹಳ್ಳಿಗೆ. ಯಡೂರಿನಿಂದ ಮುಂದಿನ ದಾರಿ ಅಡಿಕೆ ತೋಟ, ಗದ್ದೆ, ಕಾನು. ಅಂಕುಡೊಂಕು ಬಹಳ, ಆದರೆ ಅಪಾಯ ಕಡಿಮೆ. ಕವಲೇದುರ್ಗಕ್ಕೆ ತಿರುಗುವ ಜಾಗದಲ್ಲಿ ಫಲಕವಿದೆ, ಆ ಕೋಟೆಯನ್ನು ನೋಡದೆ ಹೋಗಬಾರದು. ಮಳೆ ಬಿಟ್ಟ ಅಕ್ಟೋಬರ್‌ನಲ್ಲಿ ಹತ್ತಿದರೆ ಇನ್ನೂ ಚೆನ್ನ. ಈ ಭಾಗದಲ್ಲಿ ಸಂಜೆಯ ಮೇಲೆ ಬಸ್ಸು ವಿರಳ. ಬಸ್ಸನ್ನೇ ನಂಬಿದವರು ಮಧ್ಯಾಹ್ನವೇ ಹೊರಡುವುದು ಕ್ಷೇಮ.

ಹೊಸದಾಗಿ ಬರುವವರಿಗೆ ನನ್ನ ಸಲಹೆ ಇಷ್ಟೇ. ನವೆಂಬರಿನಿಂದ ಮಾರ್ಚಿನವರೆಗೆ ಧೈರ್ಯವಾಗಿ ಬನ್ನಿ, ಬೆಳಗಿನ ಹೊತ್ತು ಬನ್ನಿ. ಏರಿ ಬರುವ ವಾಹನಕ್ಕೆ ದಾರಿ ಬಿಡಿ, ಅದು ನಿಂತರೆ ಮತ್ತೆ ಎಳೆಯುವುದು ಕಷ್ಟ. ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿಯದೆ ಗೇರಿನಲ್ಲೇ ಇಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ಸಿದ್ದಾಪುರದಲ್ಲೋ ಮಾಸ್ತಿಕಟ್ಟೆಯಲ್ಲೋ ಯಾರನ್ನಾದರೂ ವಿಚಾರಿಸಿ. ಮಳೆಯಲ್ಲಿ ಜಲಪಾತ ನೋಡಲೆಂದು ತಿರುವಿನಲ್ಲಿ ಕಾರು ನಿಲ್ಲಿಸಬೇಡಿ, ಹಿಂದಿನಿಂದ ಬರುವವರಿಗೆ ಮಂಜಿನಲ್ಲಿ ನೀವು ಕಾಣುವುದಿಲ್ಲ.

ಚಳಿಗಾಲದ ರಸ್ತೆಗೆ ನಾಲ್ಕೂವರೆ ಅಂಕ. ಮಳೆಗಾಲದ ರಸ್ತೆಗೆ ಎರಡೂವರೆ, ಅದರಲ್ಲಿ ಒಂದು ಪೂರ್ತಿ ಲಾರಿಯವರಿಗೆ ಸೇರಿದ್ದು. ಅಪ್ಪಯ್ಯನಿಗೆ ಈಗ ಎಂಬತ್ತೆರಡು, ನಡೆಯಲು ಕಷ್ಟ. ನಾನು ತವರು ಮುಟ್ಟಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ, "ನೀರು ರಸ್ತೆಯ ಮೇಲೆ ಬಂದಿತ್ತಾ?" ಕಳೆದ ಆಷಾಢದಲ್ಲಿ ಮೂರು ಕಡೆ ಬಂದಿತ್ತು. ಎಲ್ಲೆಲ್ಲಿ ಎಂದು ಹೇಳಿದೆ. ಮೂರೂ ಮೋರಿಗಳನ್ನು ಅವರು ಗುರುತು ಹಿಡಿದರು.