1965ರ ಜಿಟಿಒ ಕೊಳ್ಳುವವರೇ, 237 ನೋಡಿ ದುಡ್ಡು ಕೊಡಬೇಡಿ

ಅಮೆರಿಕದ ಪಾಂಟಿಯಾಕ್ ಕಂಪನಿಯ ಹಳೇ ಜಿಟಿಒ ಕಾರು ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು, ಅದರಲ್ಲೂ 1965ರ ಗಾಡಿ ಹುಡುಕುತ್ತಿರುವವರು, ದಯವಿಟ್ಟು ಇದನ್ನು ಓದಿ. ಡೆಟ್ರಾಯ್ಟ್ ಹತ್ತಿರ ಇರುವ ನಮ್ಮ ಭಾವನಿಗೆ ಒಬ್ಬ ಮಾರಾಟಗಾರ ಜಿಟಿಒ ಅಂತ ಹೇಳಿ ಅದೇ ಕಂಪನಿಯ ಮಾಮೂಲಿ ಲೆಮಾನ್ಸ್ ಗಾಡಿಯನ್ನು ತಲೆಗೆ ಕಟ್ಟಿದ. ಬ್ಯಾಡ್ಜು, ಬಾನೆಟ್ ಮೇಲಿನ ಸ್ಕೂಪು, ಮೂರು ಕಾರ್ಬುರೇಟರ್‌ನ ಟ್ರೈ-ಪವರ್, ಎಲ್ಲವೂ ಇತ್ತು. ಇಂಥ ಸಾಮಾನು ದುಡ್ಡು ಕೊಟ್ಟರೆ ಇವತ್ತಿಗೂ ಸಿಗುತ್ತದೆ. ಅದನ್ನು ನೋಡಿ ನಂಬುವ ಹಾಗೇ ಇಲ್ಲ.

ಅವನು ಎಲ್ಲಕ್ಕಿಂತ ಜಾಸ್ತಿ ತೋರಿಸಿದ್ದು ಡ್ರೈವರ್ ಬಾಗಿಲಿನ ಕಂಬದ ಮೇಲಿದ್ದ ತಗಡನ್ನು. ಅದರಲ್ಲಿದ್ದ ವಿನ್ ನಂಬರ್, ಅಂದರೆ ಪ್ರತಿ ಗಾಡಿಗೂ ಕಂಪನಿ ಕೊಡುವ ಗುರುತಿನ ಸಂಖ್ಯೆ, 237ರಿಂದ ಶುರು. "ಜಿಟಿಒ ನಂಬರೇ ಇದು, ಯಾರನ್ನು ಬೇಕಾದರೂ ಕೇಳಿ" ಅಂದ. ಆ ಮಾತು ಅರ್ಧ ನಿಜ. ಅದಕ್ಕೇ ಜನ ಬೀಳುತ್ತಾರೆ. 2 ಅಂದರೆ ಪಾಂಟಿಯಾಕ್, 37 ಅಂದರೆ ಲೆಮಾನ್ಸ್. 1965ರಲ್ಲಿ ಜಿಟಿಒ ಬೇರೆ ಮಾಡೆಲ್ಲೇ ಆಗಿರಲಿಲ್ಲ, ಲೆಮಾನ್ಸ್ ಮೇಲೆ ಹಾಕಿಸಿಕೊಳ್ಳುವ ಒಂದು ಆಪ್ಷನ್ ಅಷ್ಟೇ. ಅಸಲಿ ಜಿಟಿಒಗೂ 237, ಮಾಮೂಲಿ ಲೆಮಾನ್ಸ್‌ಗೂ 237. ಜಿಟಿಒಗೆ 242 ಅನ್ನುವ ಸ್ವಂತ ನಂಬರ್ ಬಂದಿದ್ದು 1966ರಲ್ಲಿ. ಅದು 71ರವರೆಗೆ ಇತ್ತು. 72ರಲ್ಲಿ ಮತ್ತೆ ಆಪ್ಷನ್ ಆಯಿತು.

ಇಂಜಿನ್ ಬ್ಲಾಕಿನ ಮುಂದೆ, ಪ್ಯಾಸೆಂಜರ್ ಬದಿಯಲ್ಲಿ, ಡಬ್ಲ್ಯೂಎಸ್ ಅಂತ ಎರಡಕ್ಷರ ಒತ್ತಿತ್ತು. 65ರಲ್ಲಿ ಮ್ಯಾನುಯಲ್ ಗೇರಿನ, 360 ಹಾರ್ಸ್‌ಪವರಿನ ಟ್ರೈ-ಪವರ್ 389 ಇಂಜಿನ್ನಿನ ಗುರುತು ಅದು (389 ಅಂದರೆ ಘನ ಇಂಚಿನಲ್ಲಿ ಇಂಜಿನ್ನಿನ ಅಳತೆ). ಗಾಡಿ ಮನೆಗೆ ಬಂದ ಮೇಲೆ ಟಾರ್ಚ್ ಹಾಕಿ ನೋಡಿದೆವು. ಅಕ್ಷರದ ಸುತ್ತ ಕಬ್ಬಿಣ ಕನ್ನಡಿಯಂತೆ ನುಣ್ಣಗಿತ್ತು. ಹಳೇ ಅಕ್ಷರ ಉಜ್ಜಿ ತೆಗೆದು ಹೊಸದಾಗಿ ಒತ್ತಿದ್ದಾರೆ ಅನ್ನಿಸಿತು. ಹಿಂದೆ ಡಿಸ್ಟ್ರಿಬ್ಯೂಟರ್ ಪಕ್ಕದ ಜಿಡ್ಡು ಒರೆಸಿದಾಗ ಎರಕದ ತಾರೀಕು ಕಾಣಿಸಿತು: ಬಿ 14 7. ಬಿ ಅಂದರೆ ಫೆಬ್ರವರಿ, 14ನೇ ತಾರೀಕು, 7 ಅಂದರೆ 1967. ಗಾಡಿ 65ರದ್ದು, ಇಂಜಿನ್ 67ರದ್ದು! ಅಷ್ಟು ಹೊತ್ತಿಗೆ ಪಾಂಟಿಯಾಕ್ 389 ನಿಲ್ಲಿಸಿ 400 ತಂದಾಗಿತ್ತು. 326, 389, 400 ಮೂರೂ ಹೊರಗಿನಿಂದ ನೋಡಲು ಒಂದೇ ಥರ ಇರುತ್ತವೆ. ಹಾಗಾಗಿ ಒತ್ತಿದ ಅಕ್ಷರ ನೋಡಿ ಸುಮ್ನೆ ಇರಬೇಡಿ, ಎರಕದ ತಾರೀಕು ಹುಡುಕಿ. ಅದು ಗಾಡಿ ತಯಾರಾಗುವುದಕ್ಕಿಂತ ಸ್ವಲ್ಪ ಮುಂಚಿನದಾಗಿರಬೇಕು.

ಕೊನೆಗೆ ಹಳೇ ಪಾಂಟಿಯಾಕ್ ಗಾಡಿಗಳ ಫ್ಯಾಕ್ಟರಿ ದಾಖಲೆ ಇಟ್ಟಿರುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನಿಂದ ಈ ವಿನ್‌ನ ಫ್ಯಾಕ್ಟರಿ ಇನ್‌ವಾಯ್ಸ್ ತರಿಸಿದೆವು. ಅದರಲ್ಲಿ 326 ಇಂಜಿನ್, ಆಟೋಮ್ಯಾಟಿಕ್ ಗೇರು. ಜಿಟಿಒ ಅನ್ನುವ ಹೆಸರೇ ಇಲ್ಲ. 65ರ ಗಾಡಿಗೆ ನಾನು ನಂಬುವುದು ಈ ಕಾಗದವನ್ನು ಮಾತ್ರ. ಮಾರುವವನು ಕೊಡುವ ಪ್ರತಿಯನ್ನು ಯಾರು ಬೇಕಾದರೂ ತಿದ್ದಿರಬಹುದು. ದುಡ್ಡು ಕೊಡುವ ಮೊದಲು ನೀವೇ ವಿನ್ ಕೊಟ್ಟು ನೇರವಾಗಿ ತರಿಸಿಕೊಳ್ಳಿ. "ಬೇರೆಯವರು ಕಾಯ್ತಿದ್ದಾರೆ, ಇವತ್ತೇ ಹೇಳಿ" ಅಂದರೆ ಅವರಿಗೇ ಕೊಡಲಿ ಬಿಡಿ.

ಇನ್ನೊಂದು ಮಾತು. ಜಾಹೀರಾತಿನಲ್ಲಿ ದೊಡ್ಡದಾಗಿ ಜಿಟಿಒ ಅಂತ ಇತ್ತು. ಸಹಿ ಹಾಕಿಸಿಕೊಂಡ ಬಿಲ್ಲಿನಲ್ಲಿ ಬರೀ "1965 ಪಾಂಟಿಯಾಕ್, ಇದ್ದ ಹಾಗೆ ಮಾರಾಟ" ಅಂತ. ಈಗ ಕೇಳಿದರೆ ಆ ಸಾಲನ್ನೇ ತೋರಿಸುತ್ತಾನೆ. ಫ್ಯಾಕ್ಟರಿಯಿಂದಲೇ ಜಿಟಿಒ ಆಗಿ ಬಂದ ಗಾಡಿ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.