ಮಿಕ್ಸೆಡ್ ಬೆಡ್ಡೋ, ಬೇರೆ ಬೇರೆ ರೆಸಿನ್ನೋ? ನನ್ನ ಓಟು ಎರಡನೆಯದಕ್ಕೆ

ಸಮುದ್ರದ ಮೀನು, ಹವಳ ಸಾಕುವವರಿಗೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಪ್ರಮಾಣ) ಸೊನ್ನೆ ಇರುವ ನೀರು ಬೇಕು. ಬರೀ ಆರ್‌ಓ ಅಷ್ಟು ಇಳಿಸುವುದಿಲ್ಲ, ಅದಾದ ಮೇಲೆ ಉಳಿದ ಉಪ್ಪನ್ನು ಹಿಡಿಯುವ ಸಣ್ಣ ಮಣಿಗಳು, ಅಂದರೆ ರೆಸಿನ್ ಬೇಕೇ ಬೇಕು. ಕ್ಯಾಟಯಾನ್ (ಕ್ಯಾಲ್ಸಿಯಂ, ಸೋಡಿಯಂನಂಥ ಧನ ಅಯಾನು ಹಿಡಿಯುವ), ಆನಯಾನ್ (ಕ್ಲೋರೈಡ್‌ನಂಥ ಋಣ ಅಯಾನು ಹಿಡಿಯುವ) ಮಣಿಗಳನ್ನು ಬೆರೆಸಿ ತುಂಬಿದ ಮಿಕ್ಸೆಡ್ ಬೆಡ್ ಬಳಸಿದ್ದೇನೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟೂ ಬಳಸಿದ್ದೇನೆ. ಈಗ ಮನೆಯಲ್ಲಿರುವುದು ಎರಡನೆಯದು. ವಾಪಸ್ ಹೋಗುವ ಮಾತೇ ಇಲ್ಲ.

ನೀರಿನ ಶುದ್ಧತೆಯಲ್ಲಿ ಮಿಕ್ಸೆಡ್ ಬೆಡ್ ಮುಂದು, ಅದು ನಿಜ. ಒಂದು ಮಣಿ ಕ್ಯಾಲ್ಸಿಯಂ ಹಿಡಿದು ಹೈಡ್ರೋಜನ್ ಬಿಡುತ್ತದೆ. ಪಕ್ಕದ್ದು ಕ್ಲೋರೈಡ್ ಹಿಡಿದು ಹೈಡ್ರಾಕ್ಸೈಡ್ ಬಿಡುತ್ತದೆ. ಎರಡೂ ಅಲ್ಲೇ ಸೇರಿ ನೀರಾಗುತ್ತವೆ. ಬೇರೆ ಡಬ್ಬಿಗಳಲ್ಲಿ ಚೂರು ಸೋಡಿಯಂ ತಪ್ಪಿಸಿಕೊಂಡು ಬರುತ್ತದೆ. ಜೋಡಿಸುವುದಕ್ಕೂ ಮಿಕ್ಸೆಡ್ ಸುಲಭ.

ಪೇಚು ಇರುವುದು ಬಾಳಿಕೆಯಲ್ಲಿ. ಆರ್‌ಓ ನೀರಿನ ಟಿಡಿಎಸ್ ಕಡಿಮೆಯೇ ಇತ್ತು, ಆದರೂ ಮಿಕ್ಸೆಡ್ ಕಾರ್ಟ್ರಿಡ್ಜ್ ಬೇಗ ಬೇಗ ಮುಗಿಯುತ್ತಿತ್ತು. ಆರ್‌ಓದ ಮೆಂಬ್ರೇನ್ (ಸೋಸುವ ಪೊರೆ) ಬದಲಿಸಿದರೂ ಅದೇ ಕಥೆ. ಕೊನೆಗೆ ಗೊತ್ತಾಗಿದ್ದು, ಕಾರಣ ಕಾರ್ಬನ್ ಡೈಆಕ್ಸೈಡ್. ಮೆಂಬ್ರೇನ್ ಉಪ್ಪನ್ನು ತಡೆಯುತ್ತದೆ, ಕರಗಿದ ಅನಿಲವನ್ನು ತಡೆಯುವುದಿಲ್ಲ. ಟಿಡಿಎಸ್ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ, ಅದಕ್ಕೆ ಈ ಅನಿಲ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಆನಯಾನ್ ರೆಸಿನ್ ಮಾತ್ರ ಅದನ್ನು ಬೈಕಾರ್ಬೊನೇಟ್ ಆಗಿ ಹಿಡಿದು ಹಿಡಿದು ಸುಸ್ತಾಗುತ್ತದೆ. ಕ್ಯಾಟಯಾನ್ ಮಣಿಗಳಿಗೆ ಏನೂ ಆಗಿರುವುದಿಲ್ಲ! ಆದರೆ ಬೆರೆತ ಮಣಿಗಳನ್ನು ಮನೆಯಲ್ಲಿ ಬೇರ್ಪಡಿಸುವುದು ಹೇಗೆ? ಇಡೀ ಕಾರ್ಟ್ರಿಡ್ಜ್ ಎಸೆಯಬೇಕು. ಚೆನ್ನಾಗಿರುವ ಅರ್ಧ ರೆಸಿನ್ನೂ ಕಸಕ್ಕೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇನ್ನೊಂದು ವಿಷಯ ಇದೆ. ಆನಯಾನ್ ಮುಗಿಯುತ್ತಾ ಬಂದಾಗ ಮೊದಲು ಕೈಬಿಡುವುದು ಸಿಲಿಕಾವನ್ನು (ಮರಳಿನಲ್ಲಿರುವ ಖನಿಜ). ಅದನ್ನೂ ಮೀಟರ್ ಹೇಳುವುದಿಲ್ಲ. ಸಿಲಿಕಾ ಬಳಸಿ ಬೆಳೆಯುವ ಕಂದು ಪಾಚಿ ತೊಟ್ಟಿಯ ಗಾಜಿಗೆ ಹತ್ತಿದ ಮೇಲೆ ಅನುಮಾನ ಬರುತ್ತದೆ.

ನಿಮ್ಮ ನೀರಿನಲ್ಲೂ ಕಾರ್ಬನ್ ಡೈಆಕ್ಸೈಡ್ ತೊಂದರೆಯಾ ಎಂದು ನೋಡುವುದು ಸುಲಭ. ಆಗಷ್ಟೇ ಹಿಡಿದ ನಲ್ಲಿ ನೀರಿನ ಪಿಎಚ್ ಅಳೆಯಿರಿ. ಅದಕ್ಕೆ ಏರ್ ಪಂಪ್ ಹಾಕಿ ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಜಾಸ್ತಿ ಏರಿದ್ದರೆ ಅನಿಲ ಇತ್ತು ಅಂತ ಅರ್ಥ. ಏರದಿದ್ದರೆ ಮಿಕ್ಸೆಡ್ ಬೆಡ್ಡೇ ಸಾಕು, ಸುಮ್ನೆ ಎರಡು ಡಬ್ಬಿ ಯಾಕೆ?

ಉಪ್ಪು ಹಾಕುವ ಸಾಫ್ಟ್‌ನರ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಟಿಡಿಎಸ್ ಇಳಿಯುವುದಿಲ್ಲ.

ನನಗೆ ವಾರ ವಾರವೂ ನೀರು ಬೇಕು, ರೆಸಿನ್ ಖರ್ಚಿಗೆ ಮಿತಿಯೂ ಇದೆ. ಹಾಗಾಗಿ ಮೊದಲು ಕ್ಯಾಟಯಾನ್, ಆಮೇಲೆ ಆನಯಾನ್, ತಪ್ಪಿಸಿಕೊಂಡ ಸೋಡಿಯಂ ಹಿಡಿಯಲು ಕೊನೆಗೊಂದು ಚಿಕ್ಕ ಮಿಕ್ಸೆಡ್ ಬೆಡ್. ಪದೇ ಪದೇ ತುಂಬುವುದು ಆನಯಾನ್ ಡಬ್ಬಿ ಒಂದನ್ನೇ. ಆಸಿಡ್, ಕಾಸ್ಟಿಕ್ ಸೋಡಾ ಹಾಕಿ ರೆಸಿನ್ ಮತ್ತೆ ಚಾರ್ಜ್ ಮಾಡಬಹುದು. ಮಕ್ಕಳಿರುವ ಮನೆಯಲ್ಲಿ ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.