ದೊಡ್ಡ ಫೋರ್ ಬೈ ಫೋರ್ ಗಾಡಿಯೊಂದಿಗೆ ಮೂರು ವರ್ಷ: ಒಂದು ಕುಟುಂಬದ ಲೆಕ್ಕ

ನಮ್ಮ ಗಾಡಿಯ ಗೇರ್ ಹಿಡಿಯ ಪಕ್ಕದಲ್ಲಿ ಬೆಳ್ಳಿಬಣ್ಣದ ಅಂಚಿರುವ ದುಂಡನೆಯ ಗುಂಡಿಯೊಂದಿದೆ. ಅದನ್ನು ಬಲಕ್ಕೆ ಒಂದು ಸಲ ತಿರುಗಿಸಿದರೆ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತಿದ್ದ ಎಂಜಿನ್ನಿನ ಶಕ್ತಿ ಮುಂದಿನ ಎರಡಕ್ಕೂ ಹೋಗುತ್ತದೆ; ಫೋರ್ ಬೈ ಫೋರ್ ಎಂದರೆ ಇದೇ. ಗಾಡಿಯನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಗುಂಡಿಯನ್ನು ಒತ್ತಿ ಹಿಡಿದು ಇನ್ನೊಂದು ಸಲ ತಿರುಗಿಸಿದರೆ ಲೋ ರೇಂಜ್ ಬೀಳುತ್ತದೆ. ಆಗ ಚಕ್ರಗಳು ನಿಧಾನವಾಗಿಯೂ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಬಲದಿಂದಲೂ ತಿರುಗುತ್ತವೆ. ಗಾಡಿ ಕೊಳ್ಳುವ ದಿನ ಈ ಗುಂಡಿಯ ಬಗ್ಗೆಯೇ ಅರ್ಧ ಗಂಟೆ ವಿವರಣೆ ಕೇಳಿದ್ದೆವು. ಆಮೇಲಿನ ಮೂರು ವರ್ಷಗಳಲ್ಲಿ ನಿಜವಾಗಿ ಬೇಕೆಂದು ಅದನ್ನು ತಿರುಗಿಸಿದ್ದು ಎರಡೇ ಬಾರಿ.

ಏಳು ಜನ ಕೂರಬಹುದಾದ, ಎರಡು ಟನ್ನಿಗೂ ಮಿಕ್ಕಿ ತೂಗುವ ಈ ಗಾಡಿಯ ಕಂಪನಿಯ ಹೆಸರನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ನನ್ನ ತಕರಾರು ಆ ಕಂಪನಿಯ ಮೇಲಲ್ಲ. ಗಾಡಿ ಅದು ಹೇಳಿದ ಕೆಲಸವನ್ನೆಲ್ಲ ಮಾಡುತ್ತದೆ, ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿಲ್ಲ. ಇಬ್ಬರು ಮಕ್ಕಳು, ನಾವಿಬ್ಬರು ಮತ್ತು ಮೊಣಕಾಲು ನೋವಿರುವ ನನ್ನ ತಾಯಿ, ಹೀಗೆ ಐದು ಜನರ ಮನೆಗೆ ಇಂಥ ಗಾಡಿ ಏನು ಕೊಟ್ಟಿತು, ಏನು ಕಸಿಯಿತು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ಆ ಎರಡು ಬಾರಿಯ ಕಥೆ. ಒಮ್ಮೆ ಮದುವೆಯೊಂದಕ್ಕೆ ಹೋದಾಗ ಗಾಡಿಗಳನ್ನು ಇಳಿಜಾರಾದ ಹುಲ್ಲು ಮೈದಾನದಲ್ಲಿ ನಿಲ್ಲಿಸಲು ಹೇಳಿದ್ದರು. ಮಧ್ಯಾಹ್ನ ಜೋರು ಮಳೆ ಬಂದು ಹುಲ್ಲು ಸಾಬೂನು ಸವರಿದಂತಾಯಿತು. ಹಿಂದಿನ ಚಕ್ರಗಳು ಇದ್ದಲ್ಲೇ ಗಿರಗಿರನೆ ತಿರುಗಿ ಕೆಸರು ಎರಚಿದವು. ಗುಂಡಿ ತಿರುಗಿಸಿದ ಮರುಕ್ಷಣ ಗಾಡಿ ಏನೂ ಆಗದಂತೆ ಮೇಲೆ ಹತ್ತಿತು. ಹೆಮ್ಮೆಯಿಂದ ಕನ್ನಡಿಯಲ್ಲಿ ನೋಡಿದರೆ ಪಕ್ಕದ ಪುಟ್ಟ ಕಾರನ್ನು ಇಬ್ಬರು ಹುಡುಗರು ಹಿಂದಿನಿಂದ ತಳ್ಳುತ್ತಿದ್ದರು. ನಾವು ಗೇಟು ತಲುಪುವಷ್ಟರಲ್ಲಿ ಅದೂ ನಮ್ಮ ಹಿಂದೆಯೇ ಬಂದು ನಿಂತಿತ್ತು. ಇನ್ನೊಮ್ಮೆ ಕೆಸರಾದ ಮಣ್ಣಿನ ದಾರಿಯಲ್ಲಿ ಮುನ್ನೆಚ್ಚರಿಕೆಗೆಂದು ತಿರುಗಿಸಿದೆ. ಆ ದಿನ ತಿರುಗಿಸದಿದ್ದರೂ ನಡೆಯುತ್ತಿತ್ತು ಎಂದೇ ಈಗ ಅನ್ನಿಸುತ್ತದೆ.

ಗುಂಡಿ ತಿರುಗಿದ್ದು ಇಷ್ಟೇ ಸಲವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಳಸದೆ ಬಿಟ್ಟರೆ ಮುಂದಿನ ಡಿಫರೆನ್ಶಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಮತ್ತಿತರ ಭಾಗಗಳಿಗೆ ಎಣ್ಣೆ ಸರಿಯಾಗಿ ಹರಡುವುದಿಲ್ಲ, ಆದ್ದರಿಂದ ತಿಂಗಳಿಗೊಮ್ಮೆಯಾದರೂ ಹದಿನಾರು ಕಿಲೋಮೀಟರು ನಾಲ್ಕೂ ಚಕ್ರದ ಚಾಲನೆಯಲ್ಲಿ ಓಡಿಸಿ ಎಂದು ಗಾಡಿಯ ಜೊತೆ ಬಂದ ಪುಸ್ತಕ ಹೇಳುತ್ತದೆ. ಬೇಡದ ಸೌಲಭ್ಯವೊಂದು ಕೆಡದಿರಲೆಂದು ಅದನ್ನು ಆಗಾಗ ವಾಕಿಂಗಿಗೆ ಕರೆದೊಯ್ಯುವ ಈ ಏರ್ಪಾಡು ನಮ್ಮ ಮನೆಯಲ್ಲಿ ದೊಡ್ಡ ತಮಾಷೆಯಾಗಿದೆ. ಅಂಥ ಒಂದು ಭಾನುವಾರ ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಮರೆತು, ಒಣ ಡಾಂಬರಿನ ಪಾರ್ಕಿಂಗ್ ಜಾಗದಲ್ಲಿ ಗಾಡಿಯನ್ನು ಪೂರ್ತಿ ತಿರುಗಿಸಲು ಹೋದೆ. ಸ್ಟೀರಿಂಗ್ ಬಿಗಿಯಾಯಿತು, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ತಡೆತಡೆದು ನಡೆಯಿತು, ಟೈರುಗಳು ಕಿರುಗುಟ್ಟುತ್ತ ಕುಪ್ಪಳಿಸಿದವು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ನಮ್ಮಂಥ ಗಾಡಿಗಳಲ್ಲಿ ಈ ಗುಂಡಿ ತಿರುಗಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಆ ವ್ಯತ್ಯಾಸಕ್ಕೆ ಎಡೆಯೇ ಇರುವುದಿಲ್ಲ. ಮಣ್ಣಿನಲ್ಲಿ, ಹಿಮದಲ್ಲಿ ಟೈರು ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ರಸ್ತೆಯಲ್ಲಿ ಜಾರಲಾಗದೆ ಆ ಒತ್ತಡವೆಲ್ಲ ಗೇರು, ಅಚ್ಚುಗಳ ಮೇಲೆ ಬೀಳುತ್ತದೆ. ಕುಟುಂಬಗಳು ದಿನವೂ ಓಡಾಡುವ ರಸ್ತೆಯಲ್ಲಿ ಈ ವ್ಯವಸ್ಥೆ ಉಪಯೋಗಕ್ಕೆ ಬರುವುದಿಲ್ಲ ಎನ್ನುವುದಕ್ಕಿಂತ, ಅಲ್ಲಿ ಅದನ್ನು ಬಳಸಲೇಬಾರದು ಎನ್ನುವುದು ಸರಿ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ, ನಡುವೆ ಇನ್ನೊಂದು ಡಿಫರೆನ್ಶಿಯಲ್ ಇರುವ ಗಾಡಿಗಳಿಗೆ ಈ ತೊಂದರೆಯಿಲ್ಲ, ಆದರೆ ಅವುಗಳಿಗೆ ಬೇರೆ ಖರ್ಚುಗಳಿವೆ.

ಈ ಗಾಡಿಗಳನ್ನು ಕೊಳ್ಳುವ ತಂದೆತಾಯಿಗಳು ಹೇಳುವ ಮೊದಲ ಕಾರಣ ಸುರಕ್ಷತೆ. ನಾನೂ ಅದನ್ನೇ ಹೇಳಿದ್ದೆ. ಇಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆಯಿದೆ. ನಾಲ್ಕು ಚಕ್ರಗಳಿಗೂ ಶಕ್ತಿ ಸಿಕ್ಕರೆ ಜಾರುವ ನೆಲದಲ್ಲಿ ಹೊರಡುವುದು, ಏರುವುದು ಸುಲಭವಾಗುತ್ತದೆಯೇ ಹೊರತು ನಿಲ್ಲುವುದು ಸುಲಭವಾಗುವುದಿಲ್ಲ, ಏಕೆಂದರೆ ಬ್ರೇಕು ಯಾವ ಕಾರಿನಲ್ಲಾದರೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ, ಮತ್ತು ಜಾರುವ ರಸ್ತೆಯಲ್ಲಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನೆಲವನ್ನು ಮುಟ್ಟಿರುವ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು. ಸವೆದ ಟೈರಿನ ಫೋರ್ ಬೈ ಫೋರ್‌ಗಿಂತ ಒಳ್ಳೆಯ ಟೈರಿನ ಸಾಧಾರಣ ಕಾರು ಮಳೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಅಪಾಯವೆಂದರೆ, ಸಲೀಸಾಗಿ ವೇಗ ಹಿಡಿಯುವ ಗಾಡಿ ರಸ್ತೆ ಜಾರುತ್ತಿದೆ ಎಂಬ ಸುಳಿವನ್ನೇ ಚಾಲಕನಿಗೆ ಕೊಡುವುದಿಲ್ಲ. ಆ ಸುಳಿವು ಸಿಗುವುದು ಬ್ರೇಕ್ ತುಳಿದಾಗ.

ಎತ್ತರದ ಗಾಡಿಗಳು ತಿರುವಿನಲ್ಲಿ ಮಗುಚುವ ಭಯ ಒಂದು ಕಾಲದಲ್ಲಿ ನಿಜವೇ ಆಗಿತ್ತು. ಗಾಡಿ ಅಡ್ಡಜಾರಲು ತೊಡಗಿದ ಕೂಡಲೇ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಬಂದ ಮೇಲೆ ಆ ಭಯ ಬಹಳ ಕಡಿಮೆಯಾಗಿದೆ. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಅಂದರೆ ಈ ರಕ್ಷಣೆ ಸಣ್ಣ ಕಾರಿನಲ್ಲೂ ಸಿಗುತ್ತದೆ. ಅದಕ್ಕಾಗಿ ಎರಡು ಟನ್ ಕಬ್ಬಿಣ ಕೊಳ್ಳಬೇಕಿಲ್ಲ.

ಸುರಕ್ಷತೆಯ ಮಾತು ಬಂದಾಗ ಯಾರ ಸುರಕ್ಷತೆ ಎಂದು ಕೇಳುವುದನ್ನು ನಾನು ಕಲಿತದ್ದು ನನ್ನ ಮನೆಯ ಅಂಗಳದಲ್ಲೇ. ಮಗಳು ತನ್ನ ಮೂರು ಚಕ್ರದ ಸೈಕಲ್ಲನ್ನು ಬಾನೆಟ್ಟಿನ ಮುಂದೆ ಬಿಟ್ಟು ಒಳಗೆ ಹೋಗಿದ್ದಳು. ಚಾಲಕನ ಸೀಟಿನಲ್ಲಿ ಕುಳಿತ ನನಗೆ ಅದು ಕಾಣಲೇ ಇಲ್ಲ. ಹೆಂಡತಿ ಬಾಗಿಲಿನಿಂದ ಕೂಗಿದ್ದರಿಂದ ಸೈಕಲ್ ಉಳಿಯಿತು. ಆ ಸಂಜೆಯೇ ಅಳತೆ ಟೇಪು ತೆಗೆದುಕೊಂಡೆವು. ನಾನು ಸೀಟಿನಲ್ಲಿ ಕುಳಿತೆ, ಆಕೆ ಸೈಕಲ್ಲನ್ನು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹೋದಳು. ಬಾನೆಟ್ಟಿನ ಅಂಚಿನಿಂದ ಸುಮಾರು ಮೂರು ಮೀಟರು ದೂರ ಹೋದ ಮೇಲೆ ಅದರ ಹ್ಯಾಂಡಲ್ಲಿನ ತುದಿ ನನಗೆ ಕಂಡಿತು. ಆಗತಾನೇ ನಡೆಯಲು ಕಲಿತಿದ್ದ ಮಗನನ್ನು ನಿಲ್ಲಿಸಿ ನೋಡಿದಾಗ ಅವನ ನೆತ್ತಿ ಕಾಣಲು ಒಂದೂವರೆ ಮೀಟರು ಬೇಕಾಯಿತು. ಹಿಂಬದಿಗೆ ಕ್ಯಾಮೆರಾ ಇದೆ, ಮುಂಬದಿಗೆ ಇಲ್ಲ. ಅಂದಿನಿಂದ ಗಾಡಿ ಹೊರಡುವ ಮುನ್ನ ಒಬ್ಬರು ಮುಂದೆ ನಿಲ್ಲಲೇಬೇಕು ಎಂಬ ನಿಯಮ ನಮ್ಮಲ್ಲಿ ಜಾರಿಯಲ್ಲಿದೆ.

ಇದು ನಮ್ಮ ಅಂಗಳಕ್ಕೆ ಸೀಮಿತವಾದ ಸಂಗತಿಯೂ ಅಲ್ಲ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಬಾನೆಟ್ಟಿನ ಮುಂಚೂಣಿ 40 ಅಂಗುಲಕ್ಕಿಂತ, ಅಂದರೆ ಸುಮಾರು ಒಂದು ಮೀಟರಿಗಿಂತ ಎತ್ತರವಿರುವ ಗಾಡಿಗಳು ಗುದ್ದಿದರೆ ಪಾದಚಾರಿ ಸಾಯುವ ಸಾಧ್ಯತೆ, 30 ಅಂಗುಲಕ್ಕಿಂತ ತಗ್ಗಾದ, ಇಳಿಜಾರು ಮೂತಿಯ ಕಾರುಗಳಿಗೆ ಹೋಲಿಸಿದರೆ ಸುಮಾರು 45 ಪ್ರತಿಶತ ಹೆಚ್ಚು ಎಂದು ಅದು ಕಂಡುಕೊಂಡಿತು. ತಗ್ಗಿನ ಕಾರು ಕಾಲಿಗೆ ತಾಗಿ ಮನುಷ್ಯನನ್ನು ಬಾನೆಟ್ಟಿನ ಮೇಲೆ ಕೆಡವುತ್ತದೆ. ಗೋಡೆಯಂಥ ಮೂತಿ ದೊಡ್ಡವರಿಗೆ ಎದೆ, ಸೊಂಟದ ಮಟ್ಟದಲ್ಲಿ, ಮಕ್ಕಳಿಗೆ ತಲೆಯ ಮಟ್ಟದಲ್ಲಿ ಬಡಿಯುತ್ತದೆ. ಶಾಲೆಯ ಗೇಟಿನ ಮುಂದೆ ಇಂಥ ಹತ್ತಾರು ಗಾಡಿಗಳು ಸಾಲಾಗಿ ನಿಂತಿರುವುದನ್ನು ನೋಡಿದಾಗ, ನಮ್ಮ ಮಕ್ಕಳು ಗಾಡಿಯ ಒಳಗಿರುವ ಹೊತ್ತಿಗಿಂತ ಬೇರೆಯವರ ಗಾಡಿಗಳ ಮುಂದೆ ಓಡಾಡುವ ಹೊತ್ತೇ ಹೆಚ್ಚಲ್ಲವೇ ಎಂಬ ಯೋಚನೆ ನನ್ನನ್ನು ಈಗಲೂ ಬಿಡುವುದಿಲ್ಲ.

ಕೆಟ್ಟ ರಸ್ತೆಗಳಿಗೆ ಫೋರ್ ಬೈ ಫೋರ್ ಬೇಕು ಎಂಬ ಎರಡನೆಯ ವಾದದಲ್ಲಿ ಅರ್ಧ ಸತ್ಯವಿದೆ. ಹೊಂಡ ಬಿದ್ದ ರಸ್ತೆಗೆ ಬೇಕಾದದ್ದು ಗಾಡಿಯ ಹೊಟ್ಟೆ ನೆಲಕ್ಕೆ ತಾಗದಂಥ ಎತ್ತರ, ದಪ್ಪ ಅಂಚಿನ ಟೈರು ಮತ್ತು ಗಟ್ಟಿ ಸಸ್ಪೆನ್ಷನ್. ನಾಲ್ಕೂ ಚಕ್ರ ತಿರುಗಿದ ಮಾತ್ರಕ್ಕೆ ಹೊಂಡದ ಆಳ ಕಡಿಮೆಯಾಗುವುದಿಲ್ಲ. ಎರಡೇ ಚಕ್ರಗಳ ಚಾಲನೆಯಿದ್ದು ನೆಲದಿಂದ ಸಾಕಷ್ಟು ಎತ್ತರವಿರುವ ಮಧ್ಯಮ ಗಾತ್ರದ ಗಾಡಿಗಳು ಬೇಕಾದಷ್ಟು ಇವೆ. ನಮ್ಮ ಮೂರು ವರ್ಷದ ಪ್ರಯಾಣಗಳಲ್ಲಿ ಆ ಹುಲ್ಲು ಮೈದಾನವೊಂದನ್ನು ಬಿಟ್ಟರೆ ಅವು ಹೋಗಲಾಗದ ಜಾಗ ಒಂದೂ ನೆನಪಿಗೆ ಬರುವುದಿಲ್ಲ.

ಇನ್ನು ಒಳಗಿನ ಜಾಗ. ಹೊರಗಿನಿಂದ ಮನೆಯಷ್ಟು ದೊಡ್ಡದಾಗಿ ಕಾಣುವ ಗಾಡಿಯೊಳಗೆ ಜಾಗ ಅಷ್ಟೇನೂ ಇಲ್ಲದಿರುವುದು ನನಗೆ ಆದ ಅತಿ ದೊಡ್ಡ ನಿರಾಸೆ. ಕೆಳಗೆ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅದರ ನಡುವೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ, ಅವೆಲ್ಲದರ ಮೇಲೆ ಒಳಗಿನ ನೆಲಹಾಸು. ಹೀಗಾಗಿ ಕೂರುವ ನೆಲವೇ ಎತ್ತರಕ್ಕೆ ಹೋಗಿದೆ. ಮೂರನೆಯ ಸಾಲಿನಲ್ಲಿ ದೊಡ್ಡವರು ಕುಳಿತರೆ ಮೊಣಕಾಲು ಎದೆಗೆ ತಾಗುತ್ತದೆ. ಮಕ್ಕಳು ಮೊದಲ ಅರ್ಧ ಗಂಟೆ ಅಲ್ಲಿ ಸಂಭ್ರಮದಿಂದ ಕೂರುತ್ತಾರೆ, ಆಮೇಲೆ ಹಿಂದಿನ ಚಕ್ರದ ಮೇಲಿನ ಕುಲುಕಾಟಕ್ಕೆ ಒಬ್ಬರಿಗಾದರೂ ವಾಂತಿ ಬರುತ್ತದೆ. ಏಳೂ ಸೀಟುಗಳನ್ನು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಉಳಿಯುವ ಜಾಗಕ್ಕೆ ಎರಡು ಕೈಚೀಲ ಹಿಡಿಸಿದರೆ ಹೆಚ್ಚು. ಅಂದರೆ ಏಳು ಜನ ಹೋಗಬಹುದು, ಅವರ ಸಾಮಾನು ಹೋಗುವಂತಿಲ್ಲ.

ನನ್ನ ತಾಯಿಯ ಕಷ್ಟವೇ ಬೇರೆ. ಸೀಟು ಅವರ ಸೊಂಟಕ್ಕಿಂತ ಎತ್ತರದಲ್ಲಿದೆ. ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು, ಬಾಗಿಲ ಪಕ್ಕದ ಹಿಡಿಯನ್ನು ಹಿಡಿದು ಮೈಯನ್ನು ಮೇಲೆತ್ತಿಕೊಳ್ಳುವಷ್ಟು ಬಲ ಅವರ ಮೊಣಕಾಲಿನಲ್ಲಿ ಇಲ್ಲ. ಆದ್ದರಿಂದ ಮಡಚಬಹುದಾದ ಪ್ಲಾಸ್ಟಿಕ್ ಸ್ಟೂಲೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇವೆ. ಎಲ್ಲಿ ನಿಂತರೂ ಒಬ್ಬರು ಇಳಿದು ಸ್ಟೂಲ್ ಹಾಕಬೇಕು, ಒಬ್ಬರು ಅವರ ಕೈ ಹಿಡಿಯಬೇಕು. ಎರಡು ಸಲ ಸ್ಟೂಲನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದೇವೆ. ಮನೆಮಂದಿಗಾಗಿ ಎಂದು ಕೊಂಡ ಗಾಡಿಗೆ ಮನೆಯ ಹಿರಿಯರನ್ನು ಹತ್ತಿಸಲು ಬೇರೊಂದು ಸಾಧನ ಬೇಕಾದದ್ದು ಕೊಳ್ಳುವ ದಿನ ನಮಗೆ ಹೊಳೆಯಲೇ ಇಲ್ಲ, ಏಕೆಂದರೆ ಅವರನ್ನು ಅಂದು ನಾವು ಕರೆದೊಯ್ದಿರಲಿಲ್ಲ.

ಈ ಎಲ್ಲ ಅಗತ್ಯಗಳಿಗೆ ಉತ್ತರವಾಗಿ 1980ರ ದಶಕದಲ್ಲೇ ಬೇರೆ ಬಗೆಯ ಗಾಡಿಯೊಂದು ಹುಟ್ಟಿತ್ತು. ಕ್ರೈಸ್ಲರ್‌ನ ಮಿನಿವ್ಯಾನ್‌ಗಳೂ ರೆನೋ ಎಸ್ಪಾಸ್ ಕೂಡ 1984ರ ಸುಮಾರಿಗೆ ಬಂದವು: ತಗ್ಗಿನ ಸಮತಟ್ಟು ನೆಲ, ಚೌಕಾಕಾರದ ಒಳಭಾಗ, ಮೂರು ಸಾಲು. ಎಂಪಿವಿ ಎಂದು ಕರೆಯುವ ಈ ಬಗೆಯ ಇಂದಿನ ಗಾಡಿಗಳಲ್ಲಿ ಜಾರುಬಾಗಿಲೂ ಇರುವುದುಂಟು. ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಮಗುವಿನ ಸೀಟಿನ ಬೆಲ್ಟು ಕಟ್ಟುವವರಿಗೆ ಅದರ ಬೆಲೆ ಗೊತ್ತು. ಅವುಗಳಿಗಿರುವ ಒಂದೇ ದೋಷವೆಂದರೆ ನೋಡಲು ಗತ್ತಿಲ್ಲ. ಫೋರ್ ಬೈ ಫೋರ್‌ಗಳಿಗೆ ಆ ಗತ್ತು ಬಂದದ್ದು ಕೆಲಸದಿಂದ. ಲ್ಯಾಂಡ್ ರೋವರ್ 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಅದು ಹೊಲಗದ್ದೆಯ ಗಾಡಿಯಾಗಿತ್ತು. 1970ರ ಮೊದಲ ರೇಂಜ್ ರೋವರ್‌ನ ಒಳಭಾಗವನ್ನೂ ನೀರು ಹಾಯಿಸಿ ತೊಳೆಯಬಹುದಿತ್ತು. ಈಗಿನ ನಮ್ಮ ಗಾಡಿಯ ತಿಳಿಬಣ್ಣದ ಚರ್ಮದ ಸೀಟಿನ ಮೇಲೆ ಮಗ ಹಣ್ಣಿನ ರಸ ಚೆಲ್ಲಿದರೆ ಮನೆಯಲ್ಲಿ ಎರಡು ದಿನ ಅದೇ ಮಾತು.

ಖರ್ಚಿನ ವಿಷಯವನ್ನು ಬೇಗ ಹೇಳಿ ಮುಗಿಸಬಹುದು, ಅದು ಯಾರಿಗೂ ಗುಟ್ಟಲ್ಲ. ಭಾರ ಹೆಚ್ಚು, ಗಾಳಿಗೆ ಒಡ್ಡಿಕೊಳ್ಳುವ ಎದೆ ಅಗಲ, ತಿರುಗಿಸಬೇಕಾದ ಭಾಗಗಳು ಹೆಚ್ಚು. ಇಂಧನ ಅದಕ್ಕೆ ತಕ್ಕಂತೆ ಸುಡುತ್ತದೆ. ಎಂಜಿನ್ನಿನ ಎಣ್ಣೆಯ ಜೊತೆಗೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಮತ್ತು ಎರಡು ಡಿಫರೆನ್ಶಿಯಲ್‌ಗಳ ಎಣ್ಣೆಯನ್ನೂ ಕಾಲಕಾಲಕ್ಕೆ ಬದಲಾಯಿಸಬೇಕು. ಸದಾ ನಾಲ್ಕೂ ಚಕ್ರದ ಚಾಲನೆಯಿರುವ ಗಾಡಿಗಳಲ್ಲಿ ಒಂದು ಟೈರು ಹಾಳಾದರೆ ಹಲವೊಮ್ಮೆ ನಾಲ್ಕನ್ನೂ ಬದಲಾಯಿಸಬೇಕಾಗುತ್ತದೆ, ಏಕೆಂದರೆ ಹೊಸ ಟೈರಿಗೂ ಸವೆದ ಟೈರಿಗೂ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ನಡುವಿನ ಡಿಫರೆನ್ಶಿಯಲ್ ಬೇಗ ಸವೆಯುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ 48 ಪ್ರತಿಶತ ಎಸ್‌ಯುವಿಗಳು, ಮತ್ತು ಅವು ಮಧ್ಯಮ ಗಾತ್ರದ ಸಾಮಾನ್ಯ ಕಾರಿಗಿಂತ 200ರಿಂದ 300 ಕಿಲೋ ಹೆಚ್ಚು ತೂಗುತ್ತವೆ. ಅವೆಲ್ಲವೂ ಫೋರ್ ಬೈ ಫೋರ್‌ಗಳಲ್ಲ. ಎಷ್ಟೋ ಗಾಡಿಗಳಲ್ಲಿ ಇರುವುದು ಆ ಮೈಕಟ್ಟು ಮಾತ್ರ.

ಈ ಗಾಡಿ ಯಾರಿಗೂ ಬೇಡ ಎಂಬುದು ನನ್ನ ಅಭಿಪ್ರಾಯವಲ್ಲ. ತಿಂಗಳುಗಟ್ಟಲೆ ಹಿಮ ಬೀಳುವ ಕಡಿದಾದ ದಾರಿಯ ತುದಿಯಲ್ಲಿ ಮನೆಯಿರುವವರಿಗೆ, ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣಿನ ದಾರಿಯಲ್ಲೇ ಮಕ್ಕಳನ್ನು ಶಾಲೆಗೆ ಬಿಡಬೇಕಾದವರಿಗೆ, ಕುದುರೆಗಳನ್ನೋ ದೋಣಿಯನ್ನೋ ಟ್ರೇಲರಿನಲ್ಲಿ ಎಳೆದೊಯ್ಯುವವರಿಗೆ ಇದಕ್ಕೆ ಬದಲಿಯಿಲ್ಲ. ಇಂಥ ಹಲವು ಗಾಡಿಗಳು ಮೂರೂವರೆ ಟನ್ ತೂಕದ ಟ್ರೇಲರನ್ನು ಎಳೆಯಬಲ್ಲವು. ಸಾಮಾನ್ಯ ಕಾರಿಗೆ ಅದು ಆಗದ ಕೆಲಸ. ಎತ್ತರದ ಸೀಟಿನಿಂದ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ ಎಂಬುದೂ ನಿಜ, ಉದ್ದದ ಪ್ರಯಾಣದಲ್ಲಿ ನನಗೆ ಅದು ಇಷ್ಟವೇ. ವಾರಕ್ಕೊಮ್ಮೆಯಾದರೂ ಆ ಗುಂಡಿಗೆ ಕೆಲಸವಿರುವ ಮನೆಯವರು ಧಾರಾಳವಾಗಿ ಕೊಳ್ಳಲಿ. ವರ್ಷಕ್ಕೊಮ್ಮೆ ಬೆಟ್ಟದ ಪ್ರವಾಸಕ್ಕೆ ಹೋಗುವವರು ಆ ನಾಲ್ಕು ದಿನಕ್ಕೆ ಬಾಡಿಗೆಗೆ ತರಬಹುದು.

ನಮ್ಮ ಗಾಡಿಯನ್ನು ಮುಂದಿನ ವರ್ಷ ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮುಂದಿನ ಚಕ್ರಗಳಿಗಷ್ಟೇ ಚಾಲನೆಯಿರುವ, ನೆಲ ತಗ್ಗಾದ ಎಂಪಿವಿಗಳನ್ನು ನೋಡುತ್ತಿದ್ದೇವೆ. ಹೋದ ವಾರ ಒಂದನ್ನು ಓಡಿಸಿ ನೋಡಲು ಹೋದಾಗ ತಾಯಿಯನ್ನೂ ಕರೆದೊಯ್ದೆವು. ಬಾಗಿಲು ಸರಿಯಿತು, ಅವರು ತಿರುಗಿ ಸೀಟಿನ ಮೇಲೆ ಕುಳಿತು ಎರಡೂ ಕಾಲುಗಳನ್ನು ಒಳಗೆಳೆದುಕೊಂಡರು. ನಾನು ಅಭ್ಯಾಸಬಲದಿಂದ ಸ್ಟೂಲ್ ಹುಡುಕುತ್ತ ಇನ್ನೂ ಡಿಕ್ಕಿಯ ಬಳಿಯೇ ನಿಂತಿದ್ದೆ.